ಕಾಲು ಊರದೆ ಆಗುಂಬೆ

ಉಡುಪಿಯಿಂದ ಆಗುಂಬೆಗೆ ಸುಮಾರು 55 ಕಿ.ಮೀ. ಮಣಿಪಾಲ, ಹಿರಿಯಡ್ಕ, ಹೆಬ್ರಿ ದಾಟಿ ಸೋಮೇಶ್ವರದವರೆಗೆ ಏರಿಳಿತದ ದಾರಿ. ಆಮೇಲೆ 14 ತಿರುವುಗಳ ಘಾಟಿ. ಆ ಘಾಟಿಯನ್ನು ಒಮ್ಮೆಯೂ ಕಾಲು ಊರದೆ ಸೈಕಲ್‌ನಲ್ಲಿ ಹತ್ತಬೇಕು ಅನ್ನುವುದು ನನ್ನ ಆಸೆ. "ಬಸ್ಸು ಉಂಟಲ್ಲ ಮಗಾ, ಸೈಕಲ್‌ನಲ್ಲಿ ಯಾಕೆ ಹೋಗುದು?" ಅಂತ ಅಮ್ಮ ಕೇಳಿದ್ದರು. ಆಗ ನನ್ನಲ್ಲಿ ಉತ್ತರ ಇರಲಿಲ್ಲ.

ಮೊದಲ ಸಲ ಏಳನೇ ತಿರುವಿನಲ್ಲಿ ಇಳಿದುಬಿಟ್ಟೆ. ಕಾಲಿನಲ್ಲಿ ಶಕ್ತಿ ಸಾಲಲಿಲ್ಲ ಅಂದುಕೊಂಡೆ. ನಿಜಕ್ಕೂ ಸಾಲದೆ ಹೋದದ್ದು ಊಟ. ಬೆಳಿಗ್ಗೆ ಐದಕ್ಕೆ ಬರೀ ಚಾ ಕುಡಿದು ಹೊರಟಿದ್ದೆ. ಜೋರಾಗಿ ತುಳಿದರೆ ಮೈಯಲ್ಲಿ ಕೂಡಿಟ್ಟ ಸಕ್ಕರೆ ಒಂದೂವರೆ, ಎರಡು ಗಂಟೆಯಲ್ಲಿ ಮುಗಿಯುತ್ತಾ ಬರುತ್ತದೆ. ಹಸಿವಾದ ಮೇಲೆ ತಿಂದರೆ ತಡವಾಯಿತು ಅಂತಲೇ ಅರ್ಥ. ಈಗ ಹಿಂದಿನ ರಾತ್ರಿ ಹೊಟ್ಟೆ ತುಂಬ ಗಂಜಿ ಊಟ ಮಾಡುತ್ತೇನೆ. ದಾರಿಯಲ್ಲಿ ಅರ್ಧ ಗಂಟೆಗೊಮ್ಮೆ ಒಂದು ಬಾಳೆಹಣ್ಣು ಅಥವಾ ಬೆಲ್ಲದ ತುಂಡು. ನಮ್ಮ ಕರಾವಳಿಯ ಸೆಕೆಯಲ್ಲಿ ಬೆವರು ಆರುವುದೇ ಇಲ್ಲ, ಹಾಗಾಗಿ ಮೈ ತಂಪಾಗುವುದೂ ಇಲ್ಲ. ಎರಡನೇ ಬಾಟಲಿಯಲ್ಲಿ ಉಪ್ಪು, ಬೆಲ್ಲ, ಲಿಂಬೆ ಹಾಕಿದ ನೀರು ಇರಲೇಬೇಕು.

ಗೇರನ್ನೂ ಬದಲಿಸಿದೆ. ಹಿಂದಿನ ಗಾಲಿಯ ಹಲ್ಲುಚಕ್ರಗಳ ಗೊಂಚಲಿಗೆ ಕ್ಯಾಸೆಟ್ ಅನ್ನುತ್ತಾರೆ. ಅದರ ಅತಿ ದೊಡ್ಡ ಹಲ್ಲುಚಕ್ರಕ್ಕೆ 28 ಹಲ್ಲಿತ್ತು, 32 ಹಲ್ಲಿನದಿರುವ ಕ್ಯಾಸೆಟ್ ಹಾಕಿಸಿದೆ. ಹಲ್ಲು ಹೆಚ್ಚಿದಷ್ಟು ತುಳಿತ ಹಗುರ. ಹಗುರ ಗೇರ್ ಹಾಕುವುದು ಸೋತ ಹಾಗೆ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮಂಡಿ ಉಳಿದರೆ ತಾನೇ ಮತ್ತೆ ಹತ್ತುವುದು?

ಎರಡನೇ ಸಲ ಹೋದದ್ದು ಮಳೆಗಾಲ ಮುಗಿದ ಮೇಲೆ, ನವೆಂಬರ್‌ನಲ್ಲಿ. ಸೋಮೇಶ್ವರದಿಂದ ಬೇಕೆಂದೇ ನಿಧಾನಕ್ಕೆ ಶುರುಮಾಡಿದೆ. ಎಡಕ್ಕೆ ತಿರುಗುವ ತಿರುವುಗಳೇ ಕಷ್ಟ. ನಾವು ಎಡಬದಿಯಲ್ಲಿ ಹೋಗುವುದರಿಂದ ಒಳಮೈಗೆ ಸಿಗುತ್ತೇವೆ, ಅಲ್ಲಿ ಏರು ತುಂಬಾ ಕಡಿದು. ಬಲ ತಿರುವಿನಲ್ಲಿ ಹೊರಸುತ್ತು ಸಿಗುತ್ತದೆ, ಉಸಿರು ಹಿಡಿತಕ್ಕೆ ಬರುತ್ತದೆ. ಮೇಲಿನಿಂದ ಹಾರ್ನ್ ಕೇಳಿದರೆ ಇನ್ನಷ್ಟು ಅಂಚಿಗೆ ಸರಿಯಬೇಕು. ಬಸ್ಸಿಗೆ ತಿರುಗಲು ಹೆಚ್ಚುಕಡಿಮೆ ಇಡೀ ರಸ್ತೆಯೇ ಬೇಕು.

ಹತ್ತನೇ ತಿರುವಿನಲ್ಲಿ ಒಳಗಿನಿಂದ "ಸಾಕು" ಅಂತ ಮಾತು ಬಂತು. ಹೋದ ಸಲ ಅದನ್ನು ಕೇಳಿದ ಕೂಡಲೇ ಇಳಿದಿದ್ದೆ. ಈ ಸಲ ಒಂದೊಂದಾಗಿ ಕೇಳಿಕೊಂಡೆ. ತಲೆ ತಿರುಗುತ್ತಿದೆಯಾ? ಇಲ್ಲ. ಎದೆ ಹಿಡಿಯುತ್ತಿದೆಯಾ? ಇಲ್ಲ. ಮಂಡಿ? ಸರಿಯಾಗಿದೆ. ಇವುಗಳಲ್ಲಿ ಒಂದಕ್ಕಾದರೂ ಹೌದು ಅಂತ ಬಂದಿದ್ದರೆ ಸುಮ್ನೆ ಇಳಿಯುತ್ತಿದ್ದೆ, ಅದರಲ್ಲಿ ಹಟ ಕೂಡದು. ತೊಡೆ ಮಾತ್ರ ಉರಿಯುತ್ತಿತ್ತು. ಉರಿಯಲಿ ಅಂತ ಇಪ್ಪತ್ತು ತುಳಿತ ಎಣಿಸಿದೆ. ಮತ್ತೆ ಇಪ್ಪತ್ತು. ಹನ್ನೆರಡನೇ ತಿರುವು ದಾಟುವಾಗ ಒದ್ದೆ ಅಂಗಿಗೆ ತಣ್ಣನೆ ಗಾಳಿ ತಾಗಿತು. ಕೆಳಗಿನ ಸೆಕೆ ಎಲ್ಲೋ ಉಳಿದಿತ್ತು. ಆ ಹೊತ್ತಿಗೆ ನನಗೆ ಉಸಿರು, ತೊಡೆ, ರಸ್ತೆಯ ಅಂಚು ಬಿಟ್ಟು ಬೇರೇನೂ ಇರಲಿಲ್ಲ. ನನ್ನ ಮೈಯನ್ನು ನಾನು ಅಷ್ಟು ಹತ್ತಿರದಿಂದ ಬೇರೆಲ್ಲೂ ಕಂಡಿಲ್ಲ. ಅಮ್ಮನಿಗೆ ಹೇಳಬೇಕಿದ್ದ ಉತ್ತರ ಇದೇ.

ಆಗುಂಬೆ ಪೇಟೆಯಲ್ಲಿ ಸೈಕಲ್ ಒರಗಿಸಿ ಮನೆಗೆ ಫೋನ್ ಮಾಡಿದೆ. "ಅಮ್ಮ, ಹತ್ತಿದೆ. ಎಲ್ಲೂ ಕಾಲು ಊರಲಿಲ್ಲ."

"ಎಂತಾದ್ರೂ ತಿಂದ್ಯಾ?" ಅಂತ ಕೇಳಿದರು.