ಬೆಕ್ಕಿಗೆ ಜಂತುಹುಳದ ಮಾತ್ರೆ ನುಂಗಿಸುವುದು ಹೇಗೆ?

ಬೆಕ್ಕಿನ ಜಂತುಹುಳಕ್ಕೆ ಒಳ್ಳೆಯ ಮಾತ್ರೆಗಳಿವೆ. ಕೆಲಸ ಕೆಡುವುದು ನುಂಗಿಸುವಾಗ. ಬೆಕ್ಕು ಮಾತ್ರೆಯನ್ನು ದವಡೆಯಲ್ಲಿ ಒತ್ತಿಟ್ಟುಕೊಂಡು, ಕೈಬಿಟ್ಟೊಡನೆ ಮಂಚದ ಕೆಳಗೆ ಹೋಗಿ ಉಗಿಯುತ್ತದೆ. ಔಷಧಿ ಹಾಕಿಯಾಯಿತು ಎಂದು ಮನೆಯವರು ನೆಮ್ಮದಿಯಾಗಿರುತ್ತಾರೆ. ಎಷ್ಟೋ ಮನೆಗಳಲ್ಲಿ ಇದನ್ನು ಕಂಡಿದ್ದೇನೆ.

ಮೊದಲು ಹುಳು ಯಾವುದೆಂದು ನೋಡಿ. ಬಾಲದ ಬುಡದಲ್ಲೋ ಮಲಗುವ ಬಟ್ಟೆಯಲ್ಲೋ ಅಕ್ಕಿಕಾಳಿನಂಥ ಚೂರು ಕಂಡರೆ ಲಾಡಿಹುಳು. ವಾಂತಿಯಲ್ಲಿ ಉದ್ದನೆಯ ಬಿಳಿ ಹುಳು ಬಿದ್ದರೆ ದುಂಡುಹುಳು. ಮರಿಗಳಿಗೆ ಇದು ತಾಯಿಯ ಹಾಲಿನಿಂದಲೇ ಬರುತ್ತದೆ. ಭೇದಿ ನಿಲ್ಲದಿದ್ದರೆ ಅಂದಿನ ಮಲವನ್ನೇ ಡಬ್ಬಿಯಲ್ಲಿ ಹಾಕಿಕೊಂಡು ಪಶುವೈದ್ಯರ ಬಳಿ ಹೋಗಿ. ಭೇದಿ ತರುವ ಜಿಯಾರ್ಡಿಯಾ, ಕಾಕ್ಸಿಡಿಯಾ ಎಂಬ ಸೂಕ್ಷ್ಮ ಪರಾವಲಂಬಿಗಳು ಬರಿಗಣ್ಣಿಗೆ ಕಾಣುವುದಿಲ್ಲ. ಲಾಡಿಹುಳು, ದುಂಡುಹುಳಕ್ಕೆ ಕೊಡುವ ಪ್ರಾಜಿಕ್ವಾಂಟೆಲ್–ಪೈರಾಂಟೆಲ್ ಮಾತ್ರೆಗೆ ಬಗ್ಗುವುದೂ ಇಲ್ಲ.

ಆಮೇಲೆ ತೂಕ. ಬೆಕ್ಕನ್ನು ಎತ್ತಿಕೊಂಡು ತಕ್ಕಡಿ ಹತ್ತಿ, ನಿಮ್ಮ ತೂಕ ಕಳೆಯಿರಿ. ಅಂದಾಜು ಬೇಡ.

ಮಕ್ಕಳಿಗೆ ಶಾಲೆಯಲ್ಲಿ ಕೊಡುವ ಅಲ್ಬೆಂಡಜೋಲ್ ಮನೆಯಲ್ಲಿದೆಯೆಂದು ಅದನ್ನೇ ಮುರಿದು ಕೊಡಬೇಡಿ, ಬೆಕ್ಕಿನ ಮೂಳೆಮಜ್ಜೆಗೆ ಅದು ಹಾನಿ ಮಾಡಬಲ್ಲದು. ಮನೆಮದ್ದೆಂದು ಬೆಳ್ಳುಳ್ಳಿಯನ್ನೂ ಕೊಡಬೇಡಿ, ಅದಂತೂ ಬೆಕ್ಕಿಗೆ ವಿಷವೇ.

ಈಗ ನುಂಗಿಸುವುದು. ನೆಲದ ಮೇಲೆ ಮಂಡಿಯೂರಿ, ಬೆಕ್ಕಿನ ಬೆನ್ನು ನಿಮ್ಮ ಕಡೆಗಿರುವಂತೆ ತೊಡೆಗಳ ನಡುವೆ ಕೂರಿಸಿ. ಹಿಂದಕ್ಕೆ ಜಾರಲು ಅದಕ್ಕೆ ದಾರಿ ಇರಬಾರದು. ಪರಚುವ ಬೆಕ್ಕಾದರೆ ದಪ್ಪ ಟವೆಲ್ ಸುತ್ತಿ, ತಲೆ ಮಾತ್ರ ಹೊರಗಿರಲಿ. ಮಾತ್ರೆಗೆ ತೆಳುವಾಗಿ ಬೆಣ್ಣೆ ಸವರಿ. ಎಡಗೈಯನ್ನು ತಲೆಯ ಮೇಲಿನಿಂದ ತಂದು, ಹೆಬ್ಬೆರಳು ಮತ್ತು ತೋರುಬೆರಳಿನಿಂದ ಎರಡೂ ಕೆನ್ನೆಯ ಮೂಳೆ ಹಿಡಿದು, ಮೂಗು ಮೇಲಕ್ಕೆ ನೋಡುವಂತೆ ಎತ್ತಿ. ಕೆಳದವಡೆ ತಾನೇ ಸಡಿಲವಾಗುತ್ತದೆ. ಬಲಗೈಯ ನಡುಬೆರಳಿನಿಂದ ಕೆಳಗಿನ ಮುಂಹಲ್ಲನ್ನು ಒತ್ತಿ, ನಾಲಿಗೆಯ ಹಿಂಭಾಗದಲ್ಲಿ, ಸರಿಯಾಗಿ ನಡುವೆ ಮಾತ್ರೆ ಬಿಡಿ. ಪಕ್ಕಕ್ಕೆ ಬಿದ್ದರೆ ಅಗಿದು ಉಗಿಯುತ್ತದೆ. ಕೂಡಲೇ ಬಾಯಿ ಮುಚ್ಚಿ, ತಲೆಯನ್ನು ಸಮಕ್ಕೆ ಇಳಿಸಿ. ಹೆಚ್ಚಿನವರು ತಪ್ಪುವುದು ಇಲ್ಲೇ: ತಲೆ ಮೇಲಕ್ಕೆತ್ತಿಯೇ ಹಿಡಿದಿರುತ್ತಾರೆ, ಬೆಕ್ಕಿಗೆ ನುಂಗಲು ಆಗುವುದಿಲ್ಲ. ಗಂಟಲನ್ನು ಮೆಲ್ಲಗೆ ನೀವಿ. ಮೂಗು ನೆಕ್ಕಿಕೊಂಡರೆ ಸಾಮಾನ್ಯವಾಗಿ ನುಂಗಿದೆ ಎಂದರ್ಥ.

ಕೊನೆಗೆ ಸೂಜಿಯಿಲ್ಲದ ಸಿರಿಂಜ್‌ನಲ್ಲಿ 5 ಮಿ.ಲೀ. ನೀರನ್ನು ಕೆನ್ನೆಯ ಪಕ್ಕದಿಂದ ಸ್ವಲ್ಪಸ್ವಲ್ಪವೇ ಬಿಡಿ. ಒಣ ಮಾತ್ರೆ ಅನ್ನನಾಳದಲ್ಲೇ ಸಿಕ್ಕಿಕೊಂಡು ಹುಣ್ಣು ಮಾಡಬಹುದು. ನೊರೆ ಸುರಿಸಿದರೆ ಗಾಬರಿಯಾಗಬೇಡಿ, ಪ್ರಾಜಿಕ್ವಾಂಟೆಲ್ ಬಲು ಕಹಿ.

ಮಾತ್ರೆಯನ್ನು ಪುಡಿಮಾಡಿ ಹಾಲಿಗೆ ಬೆರೆಸುವ ಉಪಾಯ ನನಗೆ ಒಪ್ಪಿಗೆಯಿಲ್ಲ. ಕಹಿಯೆಲ್ಲ ಹೊರಬಂದು ಬೆಕ್ಕು ಆ ತಟ್ಟೆಯನ್ನೇ ದೂರವಿಡುತ್ತದೆ. ಹಿಡಿಯಲೇ ಆಗದ ಬೆಕ್ಕಿಗೆ ಕತ್ತಿನ ಹಿಂಬದಿಗೆ ಹಚ್ಚುವ ಔಷಧಿಯನ್ನು ವೈದ್ಯರಿಂದ ಬರೆಸಿಕೊಳ್ಳಿ.

ಲಾಡಿಹುಳು ಇದ್ದರೆ ಚಿಗಟವನ್ನೂ ಓಡಿಸಲೇಬೇಕು. ಬೆಕ್ಕು ಮೈ ನೆಕ್ಕುವಾಗ ಚಿಗಟವನ್ನು ನುಂಗಿ ಮತ್ತೆ ಹುಳು ತುಂಬಿಸಿಕೊಳ್ಳುತ್ತದೆ. ಹಾಸಿಗೆಯನ್ನು ಬಿಸಿನೀರಿನಲ್ಲಿ ಒಗೆಯಿರಿ. ನಾಯಿಗೆಂದು ತಂದ ಪರ್ಮೆಥ್ರಿನ್ ಇರುವ ಚಿಗಟದ ಔಷಧಿಯನ್ನು ಮಾತ್ರ ಬೆಕ್ಕಿಗೆ ಹಚ್ಚಬೇಡಿ, ಅದು ಪ್ರಾಣ ತೆಗೆಯುತ್ತದೆ.

ಹೊರಗೆ ತಿರುಗುವ ಬೆಕ್ಕಿಗೆ 3 ತಿಂಗಳಿಗೊಮ್ಮೆ ಮಾತ್ರೆ. ಮರಿಗಳಿಗೆ 3ನೇ ವಾರದಿಂದ ವೈದ್ಯರು ಹೇಳಿದ ಸಿರಪ್, ಹಾಲು ಬಿಡುವವರೆಗೆ 15 ದಿನಕ್ಕೊಮ್ಮೆ. ದುಂಡುಹುಳದ ಮೊಟ್ಟೆ ಮಣ್ಣಿನಲ್ಲಿ ಕೆಲವು ವಾರ ಬಲಿತ ಮೇಲೆ ಮಕ್ಕಳಿಗೂ ಸೋಂಕು ತರಬಲ್ಲದು. ಹಾಗಾಗಿ ಮಲವನ್ನು ದಿನವೂ ತೆಗೆಯಿರಿ. ಮನೆಯ ಮುಂದೆ ಮರಳಿನ ರಾಶಿ ಇದ್ದರೆ ಟಾರ್ಪಾಲು ಹೊದಿಸಿ.