ಹಳೆಯ ಜೇಬು ಚಾಕುವಿನ ವಯಸ್ಸನ್ನು ಓದುವುದು ಹೇಗೆ?

ಭಾನುವಾರ ಬೆಳಗ್ಗೆ ಬೇಗ ಎದ್ದು ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯ ಆಸುಪಾಸಿನ ಸಂಡೇ ಬಜಾರಿಗೆ ಹೋದರೆ, ಹಳೆಯ ಬೀಗ, ಸ್ಪ್ಯಾನರ್, ಕೈಗಡಿಯಾರಗಳ ರಾಶಿಯ ನಡುವೆ ತುಕ್ಕು ಹಿಡಿದ ಮಡಚುವ ಚಾಕುಗಳು ಒಮ್ಮೊಮ್ಮೆ ಕಣ್ಣಿಗೆ ಬೀಳುತ್ತವೆ. 1809ರಲ್ಲಿ ಬ್ರಿಟಿಷರ ದಂಡು ಪ್ರದೇಶ ನೆಲೆಗೊಂಡ ಈ ಊರಿನಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ತಯಾರಾದ ಚಾಕು ಗುಜರಿ ರಾಶಿಯಲ್ಲಿ ಸಿಕ್ಕರೆ ಆಶ್ಚರ್ಯಪಡಬೇಕಾಗಿಲ್ಲ. ಅದರ ಕಾಲವನ್ನು ಗುರುತಿಸುವುದಕ್ಕೆ ಬೇಕಾದದ್ದು ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಭೂತಗನ್ನಡಿ, ಸಣ್ಣ ಟಾರ್ಚ್, ಹತ್ತಿಬಟ್ಟೆ, ಹೊಲಿಗೆ ಯಂತ್ರದ ಎಣ್ಣೆ ಮತ್ತು ಸಾಕಷ್ಟು ತಾಳ್ಮೆ.

ಕೊಂಡು ತಂದ ಚಾಕುವನ್ನು ಮೊದಲ ದಿನವೇ ಉಜ್ಜಿ ಹೊಳೆಯಿಸಲು ಹೋಗಬೇಡಿ. ನಾನು ಕೊಂಡ ಮೊದಲ ಚಾಕುವನ್ನು ಸಾಣೆ ಹಿಡಿಯುವವರ ಕೈಗೆ ಕೊಟ್ಟು ಕನ್ನಡಿಯಂತೆ ಮಾಡಿಸಿದೆ. ಅಲಗಿನ ಬುಡದಲ್ಲಿದ್ದ ತಯಾರಕರ ಮುದ್ರೆ ತುಕ್ಕಿನ ಜೊತೆಗೇ ಅಳಿಸಿಹೋಯಿತು. ಅದು ಯಾವ ಊರಿನದು, ಯಾವ ಕಾಲದ್ದು ಎಂಬುದು ನನಗೆ ಇಂದಿಗೂ ತಿಳಿದಿಲ್ಲ. ಅಲಗಿನ ಮೇಲೆ ದಶಕಗಳಿಂದ ಕೂತಿರುವ ಕಪ್ಪುಬೂದು ಪದರವು ಕೊಳೆಯಲ್ಲ. ಅದು ಉಕ್ಕನ್ನು ಸ್ವಲ್ಪಮಟ್ಟಿಗೆ ಕಾಯುತ್ತದೆ ಮತ್ತು ಚಾಕುವಿನ ಹಳೆಯತನಕ್ಕೆ ಸಾಕ್ಷಿಯೂ ಆಗಿರುತ್ತದೆ. ಕೆಂಪಗೆ ಪುಡಿಯಾಗಿ ಉದುರುವ ತುಕ್ಕನ್ನು ಮಾತ್ರ ಎಣ್ಣೆ ಹಚ್ಚಿದ ಬಟ್ಟೆಯಿಂದ ಮೆಲ್ಲಗೆ ಒರೆಸಬೇಕು. ಅಲಗು ತೆರೆಯದಿದ್ದರೆ ಕೀಲಿಗೆ ಎರಡು ಹನಿ ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯುವುದು ಒಳ್ಳೆಯದು. ಬಲವಂತ ಮಾಡಿದರೆ ಅಲಗನ್ನು ಎತ್ತಲು ಉಗುರು ಸಿಕ್ಕಿಸುವ ಕಚ್ಚೇ ಮುರಿದುಬರಬಹುದು.

ಅಲಗು ತೆರೆದ ಮೇಲೆ ಅದರ ಬುಡವನ್ನು, ಅಂದರೆ ಹರಿತವಿಲ್ಲದೆ ಹಿಡಿಯೊಳಕ್ಕೆ ಸೇರುವ ಚೌಕಾಕಾರದ ಭಾಗವನ್ನು, ಟಾರ್ಚಿನ ಬೆಳಕು ಓರೆಯಾಗಿ ಬೀಳುವಂತೆ ಹಿಡಿದು ನೋಡಬೇಕು. ನೇರ ಬೆಳಕಿನಲ್ಲಿ ಕಾಣದ ಅಕ್ಷರಗಳು ಓರೆ ಬೆಳಕಿನ ನೆರಳಿನಲ್ಲಿ ಎದ್ದು ಕಾಣುತ್ತವೆ. ಶೆಫೀಲ್ಡ್‌ನ ಹೆಸರಾಂತ ಜೋಸೆಫ್ ರಾಡ್ಜರ್ಸ್ ಅಂಡ್ ಸನ್ಸ್ ಸಂಸ್ಥೆಯ ಗುರುತು ಒಂದು ನಕ್ಷತ್ರ ಮತ್ತು ಒಂದು ಮಾಲ್ಟೀಸ್ ಶಿಲುಬೆ, ಅಂದರೆ ನಾಲ್ಕೂ ತೋಳುಗಳು ಹೊರತುದಿಯತ್ತ ಅಗಲವಾಗುವ ಶಿಲುಬೆ. ಅರಮನೆಯ ಮನ್ನಣೆ ಪಡೆದಿದ್ದ ಈ ಸಂಸ್ಥೆಯ ಅಲಗುಗಳ ಮೇಲೆ ಕಿರೀಟದ ಎರಡೂ ಪಕ್ಕದಲ್ಲಿ 'ವಿ' ಮತ್ತು 'ಆರ್' ಅಕ್ಷರಗಳಿದ್ದರೆ ಅವು ವಿಕ್ಟೋರಿಯಾ ರಾಣಿಯ ಆಳ್ವಿಕೆಯನ್ನು, ಅಂದರೆ 1837ರಿಂದ 1901ರವರೆಗಿನ ಅವಧಿಯನ್ನು ಸೂಚಿಸುತ್ತವೆ. 'ಜಿ ಆರ್' ಇದ್ದಲ್ಲಿ ಅದು ಜಾರ್ಜ್ ಎಂಬ ಹೆಸರಿನ ದೊರೆಯ ಕಾಲದ್ದು. ಆದರೆ 1830ಕ್ಕಿಂತ ಹಿಂದಿನ ಜಾರ್ಜನೋ, 1910ರ ನಂತರದವನೋ ಎಂಬುದನ್ನು ಚಾಕುವಿನ ಉಳಿದ ಭಾಗಗಳೇ ಹೇಳಬೇಕು. ಹೆಸರಾಂತ ಮುದ್ರೆಗಳಿಗೆ ನಕಲುಗಳೂ ಹೆಚ್ಚು. ಆದ್ದರಿಂದ ರಾಡ್ಜರ್ಸ್ ಎಂಬ ಹೆಸರಿನ ಇಂಗ್ಲಿಷ್ ಕಾಗುಣಿತದಲ್ಲಿ 'ಡಿ' ಅಕ್ಷರ ಇದೆಯೇ ಎಂಬುದನ್ನು ಮರೆಯದೆ ನೋಡಿ.

ದೇಶದ ಹೆಸರಿನಿಂದ ಕಾಲ ಹೇಳುವ ಒಂದು ಸೂತ್ರ ಸಂಗ್ರಾಹಕರಲ್ಲಿ ಬಳಕೆಯಲ್ಲಿದೆ. ಅಮೆರಿಕದ 1890ರ ಮೆಕಿನ್ಲೆ ಸುಂಕ ಕಾಯ್ದೆಯು ಆಮದು ಸರಕಿನ ಮೇಲೆ ತಯಾರಾದ ದೇಶದ ಹೆಸರಿರಬೇಕೆಂದು ವಿಧಿಸಿದ್ದರಿಂದ, 'ಇಂಗ್ಲೆಂಡ್' ಅಥವಾ 'ಜರ್ಮನಿ' ಎಂಬ ಪದವಿಲ್ಲದ ಚಾಕು ಅದಕ್ಕಿಂತ ಹಿಂದಿನದು ಎಂಬುದು ಆ ಸೂತ್ರ. ಬೆಂಗಳೂರಿನಲ್ಲಿ ಕೊಳ್ಳುವವರು ಇದನ್ನು ಕುರುಡಾಗಿ ನಂಬಬಾರದು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಅಮೆರಿಕದ ಕಾಯ್ದೆಯು ಭಾರತಕ್ಕೆ ಬರುವ ಸರಕನ್ನು ಕಟ್ಟಿಹಾಕುತ್ತಿರಲಿಲ್ಲ.

ಮುದ್ರೆಯಷ್ಟೇ ಮುಖ್ಯವಾದದ್ದು, ಚಾಕು ಯಾವ ವಸ್ತುಗಳಿಂದ ತಯಾರಾಗಿದೆ ಎಂಬುದು. ಇಲ್ಲಿ ಒಂದೇ ನಿಯಮ: ಚಾಕುವಿನಲ್ಲಿ ತೀರ ಈಚಿನದು ಯಾವ ಭಾಗವೋ ಅದಕ್ಕಿಂತ ಹಳೆಯದು ಇಡೀ ಚಾಕು ಆಗಲಾರದು. ಹ್ಯಾರಿ ಬ್ರಿಯರ್ಲಿ ಶೆಫೀಲ್ಡ್‌ನಲ್ಲಿ ತುಕ್ಕು ಹಿಡಿಯದ ಉಕ್ಕನ್ನು ತಯಾರಿಸಿದ್ದು 1913ರಲ್ಲಿ. ಆದ್ದರಿಂದ ಸ್ಟೇನ್‌ಲೆಸ್ ಅಲಗಿನ ಮೇಲೆ ವಿಕ್ಟೋರಿಯಾ ರಾಣಿಯ ಮುದ್ರೆಯಿದ್ದರೆ ಅದನ್ನು ಅನುಮಾನದಿಂದಲೇ ನೋಡಬೇಕು. ಹಿಡಿ ಬೇಕಲೈಟ್ ಎಂಬ ಹಳೆಯ ಗಟ್ಟಿ ಪ್ಲಾಸ್ಟಿಕ್ಕಿನದಾಗಿದ್ದರೆ ಅದು 1907ಕ್ಕಿಂತ ಈಚಿನದು. ಅಲಗು ಹಳೆಯದೆನಿಸಿದರೆ ಹಿಡಿಯನ್ನು ಆಮೇಲೆ ಬದಲಿಸಿರಬಹುದು. ಸ್ವಿಟ್ಜರ್ಲೆಂಡಿನ ಚಾಕುಗಳಲ್ಲಿ ಹೆಸರೇ ಕಾಲ ಹೇಳುತ್ತದೆ. ಕಾರ್ಲ್ ಎಲ್ಸೆನರ್ 1884ರಲ್ಲಿ ಆರಂಭಿಸಿದ ಕಾರ್ಯಾಗಾರವು 1909ರಲ್ಲಿ ಅವರ ತಾಯಿಯ ಹೆಸರಾದ 'ವಿಕ್ಟೋರಿಯಾ'ವನ್ನು ಪಡೆಯಿತು; ಸ್ಟೇನ್‌ಲೆಸ್ ಉಕ್ಕು ಬಂದ ಮೇಲೆ, 1921ರಲ್ಲಿ, ಅದಕ್ಕೆ 'ಇನಾಕ್ಸ್' ಸೇರಿ 'ವಿಕ್ಟೋರಿನಾಕ್ಸ್' ಆಯಿತು.

ಕೈಗೆ ಸಿಕ್ಕಿದ್ದು ಬೆಳ್ಳಿಯ ಅಲಗಿನ, ಮುತ್ತಿನ ಚಿಪ್ಪಿನ ಹಿಡಿಯ ಪುಟ್ಟ ಹಣ್ಣಿನ ಚಾಕುವಾದರೆ ಅದನ್ನು ನಿಮ್ಮ ಅದೃಷ್ಟವೆಂದೇ ಭಾವಿಸಿ, ಏಕೆಂದರೆ ಅದರ ವರ್ಷವನ್ನೇ ಹೇಳಬಹುದು. ನಡೆಯುವ ಸಿಂಹದ ಗುರುತು ಬೆಳ್ಳಿಯ ಶುದ್ಧತೆಯನ್ನು ಖಚಿತಪಡಿಸುತ್ತದೆ. ಬೆಳ್ಳಿಯನ್ನು ಪರೀಕ್ಷಿಸಿದ ಊರಿಗೂ ಒಂದು ಗುರುತಿರುತ್ತದೆ: ಲಂಗರು ಬರ್ಮಿಂಗ್‌ಹ್ಯಾಮಿನದು, ಕಿರೀಟವಾದರೆ 1974ರವರೆಗಿನ ಶೆಫೀಲ್ಡಿನದು. ಪಕ್ಕದ ಒಂಟಿ ಅಕ್ಷರ ವರ್ಷವನ್ನು ಸೂಚಿಸುತ್ತದೆ. ಆದರೆ ಆ ಅಕ್ಷರದ ಸರಣಿ ಊರಿನಿಂದ ಊರಿಗೆ ಬೇರೆಯಾದ್ದರಿಂದ, ಮೊದಲು ಊರಿನ ಗುರುತನ್ನು ಓದಿ, ಆಮೇಲೆ ಅಕ್ಷರದ ಬರಹದ ರೀತಿಯನ್ನೂ ಅದರ ಸುತ್ತಲಿನ ಚೌಕಟ್ಟಿನ ಆಕಾರವನ್ನೂ ಆ ಊರಿನ ವರ್ಷಾಕ್ಷರಗಳ ಪಟ್ಟಿಯೊಂದಿಗೆ ಹೋಲಿಸಬೇಕು. ಜೊತೆಯಲ್ಲಿ ರಾಜ ಅಥವಾ ರಾಣಿಯ ತಲೆಯ ಗುರುತಿದ್ದರೆ ಅದು ಸುಂಕ ಸಂದಾಯವಾದ ಚಿಹ್ನೆ; 1784ರಲ್ಲಿ ಆರಂಭವಾದ ಈ ಪದ್ಧತಿ 1890ರಲ್ಲಿ ನಿಂತಿತು.

ಹಿಡಿ ದಂತದ್ದೆಂದು ಮಾರುವವರು ಹೇಳಿದರೆ ಚಾಕು ಎಷ್ಟೇ ಅಂದವಾಗಿದ್ದರೂ ಕೊಳ್ಳಬಾರದು. ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ದಂತದ ವ್ಯಾಪಾರ ನಿಷಿದ್ಧ. ಶೆಫೀಲ್ಡಿನವರು ಬಹಳವಾಗಿ ಬಳಸುತ್ತಿದ್ದ ಕಡವೆಯ ಕೊಂಬಿಗೂ ಇದೇ ಮಾತು ಅನ್ವಯಿಸುತ್ತದೆ. ಮೂಳೆಯ ಹಿಡಿಯಲ್ಲಿ ಸೂಜಿಮೊನೆಯಂಥ ಕಪ್ಪು ಚುಕ್ಕೆಗಳೂ ಸಣ್ಣ ಗೀರುಗಳೂ ಕಾಣುತ್ತವೆ. ಆನೆಯ ದಂತದಲ್ಲಿ ಚುಕ್ಕೆಗಳಿರುವುದಿಲ್ಲ, ಅಡ್ಡಕೊಯ್ತದಲ್ಲಿ ಒಂದನ್ನೊಂದು ಕತ್ತರಿಸುವ ರೇಖೆಗಳಿರುತ್ತವೆ. ದಂತವನ್ನು ಹೋಲುವ ಮತ್ತೊಂದು ವಸ್ತು ಸೆಲ್ಯುಲಾಯ್ಡ್ ಎಂಬ ಹಳೆಯ ಪ್ಲಾಸ್ಟಿಕ್. ಬೆರಳಿನಿಂದ ಬಿಸಿಯಾಗುವಷ್ಟು ಉಜ್ಜಿದರೆ ಅದರಿಂದ ಕರ್ಪೂರದ ವಾಸನೆ ಬರುತ್ತದೆ, ಏಕೆಂದರೆ ಅದರ ತಯಾರಿಕೆಗೆ ಕರ್ಪೂರವೇ ಬೇಕು. ಆದರೆ ಕಾಯಿಸಿದ ಸೂಜಿಯಿಂದ ಎಂದಿಗೂ ಪರೀಕ್ಷಿಸಬೇಡಿ. ಸೆಲ್ಯುಲಾಯ್ಡ್ ಸುಲಭವಾಗಿ ಹೊತ್ತಿಕೊಳ್ಳುತ್ತದೆ. ಹಳತಾದ ಸೆಲ್ಯುಲಾಯ್ಡ್ ಬಿಡುವ ಆಮ್ಲದ ಆವಿ ಪಕ್ಕದ ಅಲಗುಗಳನ್ನೂ ತಿನ್ನುವುದರಿಂದ ಅಂಥ ಚಾಕುವನ್ನು ಗಾಳಿಯಾಡುವ ಬೇರೆ ಡಬ್ಬಿಯಲ್ಲೇ ಇಡಬೇಕು. ಉಳಿದವನ್ನೂ ಚರ್ಮದ ಒರೆಯಲ್ಲಿಟ್ಟು ಮರೆಯಬಾರದು. ನಮ್ಮ ಮಳೆಗಾಲದ ತೇವವನ್ನು ಚರ್ಮ ಹೀರಿಕೊಂಡು ಉಕ್ಕಿಗೆ ದಾಟಿಸುತ್ತದೆ.

ಕೊನೆಯದಾಗಿ, ಪ್ರತಿ ಚಾಕುವಿಗೂ ನೋಟ್‌ಬುಕ್ಕಿನಲ್ಲಿ ಒಂದೊಂದು ಪುಟ ಮೀಸಲಿಡಿ. ಕೊಂಡ ಜಾಗ, ದಿನಾಂಕ, ಬೆಲೆ, ಮುಚ್ಚಿದಾಗಿನ ಉದ್ದ, ಮುದ್ರೆಯ ಚಿತ್ರ ಮತ್ತು ನಿಮ್ಮ ಅಂದಾಜಿನ ಕಾಲವನ್ನು ಅದರಲ್ಲಿ ಬರೆದಿಡಿ. ಅಂದಾಜನ್ನು ಪೆನ್ಸಿಲ್ಲಿನಲ್ಲಿ ಬರೆಯುವುದು ಲೇಸು. ಮುಂದೆ ಮತ್ತೊಂದು ಚಾಕು ಸಿಕ್ಕಾಗ ಅದನ್ನು ತಿದ್ದಬೇಕಾಗುತ್ತದೆ.