ಅಮೆರಿಕ ಯುರೋಪನ್ನು ಕೈಬಿಡುತ್ತಿದೆಯೇ? ಪರೀಕ್ಷಿಸಿ ನೋಡುವ ಬಗೆ

ನ್ಯಾಟೊ ಎಂದರೆ ಅಮೆರಿಕ, ಕೆನಡಾ ಮತ್ತು ಯುರೋಪಿನ ದೇಶಗಳ ಸೇನಾ ಕೂಟ. ‘ನ್ಯಾಟೊ ಕಥೆ ಮುಗಿಯಿತು’ ಎಂಬ ಸುದ್ದಿ ಕಂಡಾಗ ಮೊದಲು ಅದನ್ನು ಹುಟ್ಟುಹಾಕಿದ 1949ರ ಒಪ್ಪಂದವನ್ನೇ ತೆರೆದು ಓದಿ. ಇರುವುದು 14 ವಿಧಿಗಳು, ಹತ್ತು ನಿಮಿಷ ಸಾಕು. ಒಬ್ಬರ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ ಎನ್ನುವ 5ನೇ ವಿಧಿಯು, ಪ್ರತಿ ದೇಶವೂ ತನಗೆ ಅಗತ್ಯವೆಂದು ತೋರಿದ ಕ್ರಮ ಕೈಗೊಳ್ಳಲಿ ಎನ್ನುತ್ತದೆ. ಸೈನ್ಯ ಕಳಿಸಲೇಬೇಕೆಂಬ ಕಟ್ಟಳೆ ಅದರಲ್ಲಿಲ್ಲ. ಬಹಳಷ್ಟು ಬರಹಗಳು ಎಡವುವುದು ಇಲ್ಲೇ.

ಆಮೇಲೆ ಹೊರಬೀಳುವ ದಾರಿ ನೋಡಿ. 13ನೇ ವಿಧಿಯ ಪ್ರಕಾರ ಒಂದು ವರ್ಷ ಮೊದಲೇ ನೋಟಿಸ್ ಕೊಡಬೇಕು. 2023ರ ಡಿಸೆಂಬರಿನಲ್ಲಿ ಆದ ಅಮೆರಿಕದ ಕಾನೂನಿನಂತೆ, ಸೆನೆಟ್‌ನ ಮೂರನೇ ಎರಡರಷ್ಟು ಬೆಂಬಲ ಅಥವಾ ಕಾಂಗ್ರೆಸ್ ಮಾಡಿದ ಕಾಯ್ದೆ ಇಲ್ಲದೆ ಅಧ್ಯಕ್ಷರು ಹೊರನಡೆಯುವಂತಿಲ್ಲ. ಆದರೆ ಸದಸ್ಯನಾಗಿದ್ದುಕೊಂಡೇ ಕೈಕಟ್ಟಿ ಕೂರುವುದನ್ನು ಈ ಕಾನೂನು ತಡೆಯದು. ಫ್ರಾನ್ಸ್ 1966ರಲ್ಲಿ ಒಪ್ಪಂದ ಬಿಡದೆ ಜಂಟಿ ಸೇನಾ ಕಮಾಂಡ್‌ನಿಂದ ಮಾತ್ರ ಹೊರಬಂದಿತ್ತು, ಮರಳಿದ್ದು 2009ರಲ್ಲಿ.

ದುಡ್ಡಿನ ಲೆಕ್ಕದಲ್ಲಿ ಎರಡು ಗಂಟುಗಳನ್ನು ಬೆರೆಸಬೇಡಿ. ನ್ಯಾಟೊದ ಸಾಮಾನ್ಯ ಬಜೆಟ್ ಚಿಕ್ಕದು. 2014ರಲ್ಲಿ ವೇಲ್ಸ್‌ನಲ್ಲಿ ಒಪ್ಪಿದ ಜಿಡಿಪಿಯ ಶೇ 2 ಎಂಬುದು ಬ್ರಸೆಲ್ಸ್‌ನಲ್ಲಿರುವ ನ್ಯಾಟೊ ಕೇಂದ್ರ ಕಚೇರಿಗೆ ಕಟ್ಟುವ ಚಂದಾ ಅಲ್ಲ, ಆಯಾ ದೇಶ ತನ್ನ ಸೇನೆಗೇ ಮಾಡುವ ಖರ್ಚು. 2025ರ ಹೇಗ್ ಸಭೆ 2035ಕ್ಕೆ ಶೇ 5ರ ಗುರಿ ಇಟ್ಟಿತು: ಶೇ 3.5 ನೇರ ರಕ್ಷಣೆಗೆ, ಉಳಿದ ಶೇ 1.5 ರಸ್ತೆ, ಸೇತುವೆ, ಸೈಬರ್ ಸುರಕ್ಷತೆಯಂಥವಕ್ಕೆ. ಎರಡನೆಯ ಭಾಗದಲ್ಲಿ ಹಳೆಯ ಕಾಮಗಾರಿಗೇ ಹೊಸ ಹೆಸರಿಟ್ಟು ತುಂಬಿಸುವುದು ಸುಲಭ. ಆದ್ದರಿಂದ ಮೊದಲ ಅಂಕಿಯನ್ನು ಪ್ರತ್ಯೇಕವಾಗಿ ಕೇಳಿ.

ನಮ್ಮ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ ಮುಂದಿನದು. ಒಂದು ಹಾಳೆಯಲ್ಲಿ ಹೀಗೆ ಬರೆದುಕೊಳ್ಳಿ: ಆಕಾಶದಲ್ಲೇ ಇಂಧನ ತುಂಬುವ ಟ್ಯಾಂಕರ್ ವಿಮಾನ, ಬೇಹುಗಾರಿಕೆ ಉಪಗ್ರಹ, ಭಾರೀ ಸಾಗಣೆ ವಿಮಾನ, ಕ್ಷಿಪಣಿ ತಡೆ ವ್ಯವಸ್ಥೆ, ಮದ್ದುಗುಂಡಿನ ದಾಸ್ತಾನು. ಪ್ರತಿಯೊಂದರ ಎದುರು ಇಂದು ಯಾರು ಕೊಡುತ್ತಿದ್ದಾರೆ, ನಾಳೆ ಯಾರು, ಯಾವ ವರ್ಷದಿಂದ ಎಂದು ಮೂರು ಕಲಂ ಹಾಕಿ. 2011ರಲ್ಲಿ ಲಿಬಿಯಾ ಮೇಲೆ ಯುರೋಪಿನ ಯುದ್ಧವಿಮಾನಗಳು ಹಾರಿದವು. ಆದರೆ ಇಂಧನ ತುಂಬಿದ್ದು ಬಹುಪಾಲು ಅಮೆರಿಕದ ಟ್ಯಾಂಕರ್‌ಗಳು. ಕೆಲವೇ ವಾರಗಳಲ್ಲಿ ಕೆಲವು ದೇಶಗಳಿಗೆ ಗುರಿ ತಪ್ಪದ ಬಾಂಬುಗಳೂ ಸಾಲದಾದವು. ಸೈನಿಕರ ತಲೆ ಎಣಿಸಿದ್ದರೆ ಈ ಕೊರತೆ ಕಾಣುತ್ತಲೇ ಇರಲಿಲ್ಲ.

ಮೂರನೆಯ ಕಲಂ ಖಾಲಿ ಉಳಿದ ಯೋಜನೆಯನ್ನು ನಂಬಬೇಡಿ. ಬದಲಿ ಸಿದ್ಧವಾದ ಮೇಲೆ ಅಮೆರಿಕ ಸರಿಯುವುದು ಹೊರೆ ಹಂಚಿಕೆ. ಅದಕ್ಕೂ ಮೊದಲೇ ಸರಿದರೆ ಎದುರಾಳಿಗೆ ಬಾಗಿಲು ತೆರೆದಂತೆ.

ಹುದ್ದೆಗಳ ಮೇಲೂ ಕಣ್ಣಿಡಿ. 1951ರಲ್ಲಿ ಅಮೆರಿಕದ ಜನರಲ್ ಐಸೆನ್‌ಹೋವರ್ ಬಂದಂದಿನಿಂದ ಯುರೋಪಿನ ನ್ಯಾಟೊ ಪಡೆಗಳ ಪರಮೋಚ್ಚ ದಂಡನಾಯಕ ಅಮೆರಿಕದವರೇ. ಆ ಕುರ್ಚಿ ಯುರೋಪಿನವರಿಗೆ ಹೋದ ದಿನ, ಯಾವ ಭಾಷಣಕ್ಕಿಂತಲೂ ಅದನ್ನೇ ಗಂಭೀರವಾಗಿ ತೆಗೆದುಕೊಳ್ಳಿ.